ನೆರೆ ಬಂದು ಮನೆ ಬಿಡುವಾಗ ಬೆಳೆ ರಕ್ಷಣೆಯ ಕೋವಿಯನ್ನು ಏನು ಮಾಡಬೇಕು?

ಉತ್ತರ ಕನ್ನಡದ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಮುನ್ಸೂಚನೆ ಬಂದಾಗ ಕಾಳಿ ನದಿಯ ದಂಡೆಯವರು ಏನೇನು ಕಟ್ಟಿಕೊಳ್ಳಬೇಕು, ಪರವಾನಗಿಯ ಕೋವಿಯನ್ನೂ ಒಯ್ಯಬೇಕೇ ಎಂಬುದು ಪ್ರಶ್ನೆ. ಚೀಲದ ಮಾತು ಸುಲಭ: ಕುಡಿಯುವ ನೀರು, ನಿತ್ಯದ ಔಷಧಿ, ಟಾರ್ಚು, ಪವರ್ ಬ್ಯಾಂಕು, ಅವಲಕ್ಕಿ, ಬೆಲ್ಲ, ಮತ್ತು ಆಧಾರ್, ಪಹಣಿ, ಪಾಸ್‌ಬುಕ್ಕುಗಳನ್ನು ನೀರು ಹೋಗದಂತೆ ಕಟ್ಟಿದ ಪ್ಲಾಸ್ಟಿಕ್ ಕವರು.

ತೊಡಕಿರುವುದು ಕೋವಿಯದು. ಬೀಗ ಹಾಕಿದ ಮನೆಯಲ್ಲಿ ಬಿಟ್ಟರೆ ಅದು ಕಳುವಾಗಬಹುದು ಇಲ್ಲವೇ ನೀರುಪಾಲಾಗಬಹುದು, ಆಗ ಉತ್ತರ ಹೇಳಬೇಕಾದವನು ಪರವಾನಗಿದಾರನೇ. ಮಕ್ಕಳು ಓಡಾಡುವ ಕಾಳಜಿ ಕೇಂದ್ರಕ್ಕೆ ಒಯ್ಯುವುದಂತೂ ಸಲ್ಲದು. ಮಂಗ, ಹಂದಿಗಳ ಕಾಟಕ್ಕೆಂದು ಇಟ್ಟುಕೊಂಡ ಕೋವಿ ನೆರೆಯಲ್ಲಿ ಯಾವ ಉಪಯೋಗಕ್ಕೂ ಬಾರದು ಎನ್ನುವುದು ಬೇರೆ ಮಾತು. ಚುನಾವಣೆಯ ಹೊತ್ತಿನಲ್ಲಿ ಮಾಡುವಂತೆ, ರಸ್ತೆ ಮುಳುಗುವ ಮೊದಲೇ ಠಾಣೆಗೆ ಫೋನು ಮಾಡಿ ತಿಳಿಸಿ, ಕೋವಿಯನ್ನು ಪರವಾನಗಿ ಪುಸ್ತಕದೊಂದಿಗೆ ಕೊಂಡೊಯ್ದು ಒಪ್ಪಿಸಿ, ಅದರ ಸಂಖ್ಯೆ ನಮೂದಾದ ರಶೀದಿ ಪಡೆಯುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಹೊರಡುವ ಮುನ್ನ ನಳಿಗೆಯನ್ನು ಮಡಚಿ ತೆರೆದು ತೋಟಾ ಇಲ್ಲವೆಂಬುದನ್ನು ಕಣ್ಣಾರೆ ನೋಡಿ, ತೋಟಾಗಳನ್ನು ಬೇರೆ ಡಬ್ಬಿಯಲ್ಲಿಡಬೇಕು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಿ ಮದ್ದು ತುಂಬಿಯೇ ಇದ್ದರೆ, ಕಿಡಿ ಹೊತ್ತಿಸುವ ಕೇಪನ್ನು ತೆಗೆದಿಟ್ಟು, ಆ ಸಂಗತಿಯನ್ನು ಠಾಣೆಯವರಿಗೆ ಮೊದಲೇ ಹೇಳಬೇಕು. ನೆನೆದ ತೋಟಾಗಳನ್ನು ಒಲೆಯ ಬಳಿ ಒಣಗಿಸುವ ಸಾಹಸ ಬೇಡ. ಅವನ್ನೂ ಠಾಣೆಗೇ ಒಪ್ಪಿಸಬೇಕು.