ಡೀಸೆಲ್ ಕಾರಿನ ಟರ್ಬೊ ಒತ್ತಡದ ಸೆನ್ಸರ್ ನಿಜವಾಗಿಯೂ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಉಪಕರಣ) ಇನ್‌ಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ, ಒತ್ತಡದ ಅಂಕಿ ನೋಡಿ. ಅದು ಹೊರಗಿನ ಗಾಳಿಯ ಒತ್ತಡಕ್ಕೆ ಹತ್ತಿರವಿರಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಈ ಸೆನ್ಸರ್ ಅಳೆಯುವುದು ಕೊಳವೆಯೊಳಗಿನ ಒಟ್ಟು ಒತ್ತಡವನ್ನು. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತಿರುಗದಿರುವಾಗ ಅಲ್ಲಿರುವುದು ಹೊರಗಿನ ಗಾಳಿಯೇ.

ಅಂಕಿ ತೀರಾ ಬೇರೆಯಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ. ಹೊಸದನ್ನು ಕೊಳ್ಳುವ ಮೊದಲು ಕನೆಕ್ಟರ್‌ಗೆ 5 ವೋಲ್ಟ್ ಬರುತ್ತಿದೆಯೇ, ಪಿನ್‌ಗಳಿಗೆ ಕಿಲುಬು ಹಿಡಿದಿದೆಯೇ ನೋಡಿ. ಡೀಸೆಲ್‌ನಲ್ಲಿ ಎಣ್ಣೆ ಬೆರೆತ ಮಸಿ ಸೆನ್ಸರ್‌ನ ತೂತನ್ನೇ ಮುಚ್ಚುವುದುಂಟು. ಆಗ ಎಂಜಿನ್ ನಿಂತಿರುವಾಗ ಅಂಕಿ ಸರಿಯಿದ್ದರೂ ಆಕ್ಸಿಲರೇಟರ್ ಒತ್ತಿದಾಗ ನಿಧಾನವಾಗಿ ಏರುತ್ತದೆ. ಬಿಚ್ಚಿ ಸ್ವಚ್ಛಗೊಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸ್ಕ್ಯಾನರ್ ತೋರಿಸುವ ದೋಷಸಂಕೇತ ಪಿ0237 ಆಗಿದ್ದರೆ ಸೆನ್ಸರ್‌ನ ವಿದ್ಯುತ್ ಸಂಕೇತ ಮಿತಿಗಿಂತ ಕಡಿಮೆ, ಪಿ0238 ಆಗಿದ್ದರೆ ಮಿತಿಗಿಂತ ಹೆಚ್ಚು ಎಂದರ್ಥ. ಪಿ0299 ಹಾಗಲ್ಲ, ಅದು ಒತ್ತಡ ಸಾಲುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಅದನ್ನು ನೋಡಿ ಸೆನ್ಸರ್ ಬದಲಿಸುವುದು ದುಡ್ಡು ದಂಡ. ಇಂಟರ್‌ಕೂಲರ್‌ನ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪಾಗಿಸುವ ಭಾಗ) ರಬ್ಬರ್ ಕೊಳವೆಗಳು ಸೀಳಿವೆಯೇ, ಕ್ಲ್ಯಾಂಪ್ ಸಡಿಲವಾಗಿದೆಯೇ ಎಂದು ಮೊದಲು ಹುಡುಕಿ.