ನರಿ ಬೇಟೆಯ ನಿಷೇಧ: ಮಾನವ ಹಕ್ಕಿನ ವಾದ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ಬೇಟೆನಾಯಿಗಳನ್ನು ಬಿಟ್ಟು ನರಿಯನ್ನು ಅಟ್ಟಿ ಕೊಲ್ಲುವುದನ್ನು ಬ್ರಿಟನ್ ನಿಷೇಧಿಸಿದಾಗ, ಇದು ತಮ್ಮ ಮಾನವ ಹಕ್ಕಿಗೆ ಧಕ್ಕೆ ಎಂದು ಬೇಟೆಗಾರರು ನ್ಯಾಯಾಲಯಕ್ಕೆ ಹೋಗಿದ್ದರಂತೆ. ತಲೆಮಾರುಗಳಿಂದ ಬಂದ ಪದ್ಧತಿಯಾದರೂ ಅವರು ಸೋತದ್ದೇಕೆ? ನಮ್ಮ ಕಂಬಳಕ್ಕೂ ಈ ತರ್ಕ ಅನ್ವಯಿಸುತ್ತದೆಯೇ?

ಉತ್ತರ: ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2004ರ ಬೇಟೆ ಕಾಯ್ದೆ 2005ರ ಫೆಬ್ರುವರಿ 18ರಂದು ಜಾರಿಗೆ ಬಂತು. ಕಾಯ್ದೆಯನ್ನು ಅಂಗೀಕರಿಸಿದ ವಿಧಾನವೇ ಅಸಿಂಧು ಎಂಬ ಮೊದಲ ಮೊಕದ್ದಮೆ ಅದೇ ವರ್ಷ ಬಿದ್ದುಹೋಯಿತು. ಬಳಿಕ ಬೇಟೆಯ ಪರವಾದ ಗ್ರಾಮೀಣ ಸಂಘಟನೆ ಕಂಟ್ರಿಸೈಡ್ ಅಲಯನ್ಸ್ ಮತ್ತಿತರರು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯನ್ನು ಆಧರಿಸಿ ಹೂಡಿದ ಮೊಕದ್ದಮೆಯನ್ನು, ಆಗ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2007ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2009ರಲ್ಲಿ ಅರ್ಜಿಗಳು ವಿಚಾರಣೆಗೆ ಅರ್ಹವಲ್ಲವೆಂದು ತೀರ್ಮಾನಿಸಿತು.

ಅವರ ಮುಖ್ಯ ವಾದ ನಿಂತಿದ್ದದ್ದು ಒಡಂಬಡಿಕೆಯ 8ನೇ ವಿಧಿಯ ಮೇಲೆ, ಅಂದರೆ ಖಾಸಗಿ ಜೀವನಕ್ಕೆ ಸಿಗಬೇಕಾದ ಗೌರವದ ಮೇಲೆ. ಬೇಟೆಯೇ ತಮ್ಮ ಬದುಕಿನ ಕ್ರಮ, ಊರಿನವರನ್ನೆಲ್ಲ ಒಂದುಗೂಡಿಸುವ ಬಂಧ ಎಂದು ಅವರು ಹೇಳಿದರು. ನನ್ನ ದೃಷ್ಟಿಯಲ್ಲಿ ಪ್ರಕರಣದ ತಿರುಳಿರುವುದು ಇಲ್ಲಿಯೇ, ಏಕೆಂದರೆ ಈ ಮಾತೇ ಅವರಿಗೆ ತಿರುಗುಬಾಣವಾಯಿತು. ಕುದುರೆ ಏರಿದವರು, ಹಿಂದೆ ನಡೆದು ಬರುವವರು, ನೋಡಲು ಸೇರುವವರು ಎಲ್ಲರೂ ಬಯಲಿನಲ್ಲಿ ಮೈಲಿಗಟ್ಟಲೆ ಸಾಗುವ ಚಟುವಟಿಕೆ ಸ್ವಭಾವತಃ ಸಾರ್ವಜನಿಕವಾದದ್ದು, ಅದು ಖಾಸಗಿ ಜೀವನದ ವ್ಯಾಪ್ತಿಗೆ ಬರುವುದಿಲ್ಲ ಎಂದು ಸ್ಟ್ರಾಸ್‌ಬರ್ಗ್ ಹೇಳಿತು. ಜಿಪ್ಸಿಗಳಂಥ ಅಲ್ಪಸಂಖ್ಯಾತ ಸಮುದಾಯಗಳ ಜೀವನಕ್ರಮಕ್ಕೆ ಅದೇ ನ್ಯಾಯಾಲಯ ಮನ್ನಣೆ ನೀಡಿದ್ದುಂಟು. ಆದರೆ ಬೇಟೆಗಾರರು ಜನಾಂಗೀಯ ಅಲ್ಪಸಂಖ್ಯಾತರಲ್ಲ.

ಸಭೆ ಸೇರುವ ಹಕ್ಕಿನ ವಾದವೂ ನಿಲ್ಲಲಿಲ್ಲ, ಕಾಯ್ದೆ ತಡೆದದ್ದು ಸೇರುವುದನ್ನಲ್ಲ, ಕೊಲ್ಲುವುದನ್ನು. ನರಿಯ ಬದಲು, ಮೊದಲೇ ಇರಿಸಿದ ವಾಸನೆಯ ಜಾಡು ಹಿಡಿದು ನಾಯಿಗಳನ್ನು ಓಡಿಸಲು ಕಾಯ್ದೆ ಬಂದ ಮೇಲೂ ಅವಕಾಶವಿತ್ತು. ಆಸ್ತಿಯ ವಿಷಯದಲ್ಲಿ, ಜಮೀನು, ಕುದುರೆ, ನಾಯಿಗಳು ಮಾಲೀಕರ ಬಳಿಯೇ ಉಳಿದವು. ಬಳಕೆಯೊಂದಕ್ಕೆ ಮಾತ್ರ ಕಡಿವಾಣ ಬಿತ್ತು, ಅದಕ್ಕೆ ಪರಿಹಾರ ಕೊಡಲೇಬೇಕೆಂದಿಲ್ಲ. ಕ್ರೀಡೆಗಾಗಿ ಪ್ರಾಣಿಗೆ ನೋವು ಕೊಡುವುದು ಅನೈತಿಕವೇ ಎಂಬ ಪ್ರಶ್ನೆಯನ್ನು ಸುದೀರ್ಘ ಚರ್ಚೆಯ ನಂತರ ಚುನಾಯಿತ ಸದನ ತೀರ್ಮಾನಿಸಿರುವಾಗ, ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನು ಅದರ ಮೇಲೆ ಹೇರಬಾರದೆಂಬ ನಿಲುವು ತೀರ್ಪುಗಳಲ್ಲಿ ಎದ್ದು ಕಾಣುತ್ತದೆ. ಒಂದು ವೇಳೆ ಬೇಟೆಗಾರರು ಗೆದ್ದಿದ್ದರೂ, 1998ರ ಮಾನವ ಹಕ್ಕುಗಳ ಕಾಯ್ದೆಯಡಿ ಸಿಗುತ್ತಿದ್ದುದು ಹಕ್ಕುಗಳಿಗೆ ಹೊಂದುವುದಿಲ್ಲವೆಂಬ ಘೋಷಣೆ ಮಾತ್ರ, ನಿಷೇಧ ರದ್ದಾಗುತ್ತಿರಲಿಲ್ಲ.

ಕಂಬಳಕ್ಕೆ ಈ ತೀರ್ಪುಗಳು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಹೋಲಿಕೆಯೊಂದಿದೆ. ಜಲ್ಲಿಕಟ್ಟಿನ ಜೊತೆಗೆ ಕಂಬಳಕ್ಕೂ ಅನುಮತಿ ನೀಡಿದ ರಾಜ್ಯಗಳ ಕಾನೂನು ತಿದ್ದುಪಡಿಗಳನ್ನು 2023ರ ಮೇ 18ರಂದು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಚರಣೆಯೊಂದು ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸಕಾಂಗ ನಿರ್ಧರಿಸುವುದೇ ಸರಿ ಎಂದಿತು. ಹಾಗಾಗಿ ಕಂಬಳದ ಕೋಣಗಳ ಹಿತ ಕಾಯಬೇಕೆನ್ನುವವರೂ ಆಚರಣೆ ಉಳಿಯಬೇಕೆನ್ನುವವರೂ ತಮ್ಮ ವಾದವನ್ನು ಮೊದಲು ಮಂಡಿಸಬೇಕಾದದ್ದು ವಿಧಾನಸಭೆಯ ಮುಂದೆ.