ಓದುಗರ ಪ್ರಶ್ನೆಗೆ ಉತ್ತರ: ಬಯಲುಸೀಮೆಯ ಮಕ್ಕಳಿಗೆ ಕಡಲಿನ ಪಾಠ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ ಐದು ಮತ್ತು ಆರನೆಯ ತರಗತಿಗಳಿಗೆ ಪಾಠ ಮಾಡುತ್ತೇನೆ. ಜನವರಿಯಲ್ಲಿ ಮಕ್ಕಳನ್ನು ಗೋಕರ್ಣಕ್ಕೆ ಪ್ರವಾಸ ಕರೆದೊಯ್ಯುತ್ತಿದ್ದೇವೆ. ಹೆಚ್ಚಿನವರು ಕಡಲನ್ನು ಕಂಡವರಲ್ಲ. ಅಲೆಯಲ್ಲಿ ಕಾಲು ನೆನೆಸಿ ಫೋಟೊ ತೆಗೆಸಿಕೊಂಡು ಬಂದರೆ ಸಾಲದು ಎಂದು ನನ್ನ ಭಾವನೆ. ಖರ್ಚಿಲ್ಲದೆ ಮಕ್ಕಳ ಕೈಯಿಂದಲೇ ಮಾಡಿಸಬಹುದಾದ ಚಟುವಟಿಕೆಗಳಿದ್ದರೆ ತಿಳಿಸುವಿರಾ?

ಉತ್ತರ: ಬಸ್ಸು ಗೊತ್ತುಮಾಡುವ ಮುನ್ನ ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳು ಜೋರಾಗಿರುವುದರಿಂದ ನೀರು ಬಹಳ ಹಿಂದೆ ಸರಿದು, ಉಳಿದ ದಿನಗಳಲ್ಲಿ ಮುಳುಗಿಯೇ ಇರುವ ಬಂಡೆಗಳು ಹೊರಗೆ ಕಾಣುತ್ತವೆ. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ದೊಡ್ಡ ಇಳಿತ ಸಾಮಾನ್ಯವಾಗಿ ಮುಂಜಾನೆ ಇಲ್ಲವೇ ಸಂಜೆಯ ಕಡೆಗೆ ಬರುತ್ತದೆ. ಪ್ರವಾಸದ ಬಸ್ಸುಗಳು ದೇವಸ್ಥಾನ, ಊಟ ಎಲ್ಲ ಮುಗಿಸಿಕೊಂಡು ಮಟಮಟ ಮಧ್ಯಾಹ್ನ ದಂಡೆಗೆ ಬರುವ ಹೊತ್ತಿಗೆ ನೋಡಬೇಕಾದದ್ದೆಲ್ಲ ನೀರಿನಡಿ ಸೇರಿರುತ್ತದೆ. ಇಳಿತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ. ಅಲೆ ಮುಟ್ಟಿದ ಕಡೆಯ ಗೆರೆಯಲ್ಲಿ ಹದಿನೈದು ನಿಮಿಷಕ್ಕೊಂದು ಕಡ್ಡಿ ನೆಡಲು ಮಕ್ಕಳಿಗೆ ಹೇಳಿದರೆ, ಕಡಲು ಸರಿಯುವುದನ್ನು ಅವರೇ ಅಳೆಯುತ್ತಾರೆ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುವುದನ್ನೂ, ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುವುದನ್ನೂ ಒಟ್ಟಿಗೆ ಗುರುತು ಹಾಕಿಸಬಹುದು.

ದಂಡೆಯ ಮೇಲೆ ಮಕ್ಕಳನ್ನು ಓಡಾಡಲು ಬಿಡುವುದಕ್ಕಿಂತ ಕೂರಿಸುವುದೇ ಲಾಭ. ನಾಲ್ಕು ಮೀಟರ್ ಹಗ್ಗವನ್ನು ಚೌಕವಾಗಿ ಹಾಸಿ, ನಾಲ್ವರು ಮಕ್ಕಳು ಅದರ ಸುತ್ತ ಕುಳಿತು, ಇಪ್ಪತ್ತು ನಿಮಿಷದಲ್ಲಿ ಒಳಗೆ ಕಂಡದ್ದನ್ನೆಲ್ಲ ಚಿತ್ರ ಬರೆಯಲಿ. ಒದ್ದೆ ಮರಳಿನ ಮೇಲೆ ಸಾಸಿವೆ, ಕಡಲೆಕಾಳಿನ ಗಾತ್ರದ ನೂರಾರು ಮರಳುಂಡೆಗಳು ರಂಗೋಲಿಯ ಚುಕ್ಕಿಗಳಂತೆ ಬಿದ್ದಿರುತ್ತವೆ. ಗದ್ದಲವಿಲ್ಲದೆ ಕುಳಿತರೆ, ಉಗುರಿನಷ್ಟು ಚಿಕ್ಕ ಏಡಿಯೊಂದು ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ತುಂಬಿಕೊಂಡು, ಅದಕ್ಕೆ ಅಂಟಿದ ಆಹಾರವನ್ನು ಸೋಸಿ ತಿಂದು, ಉಳಿದದ್ದನ್ನು ಉಂಡೆಮಾಡಿ ಬಿಡುವುದು ಕಣ್ಣೆದುರೇ ಕಾಣುತ್ತದೆ. ಬಂಡೆಗೆ ಸಿಮೆಂಟಿನ ಚುಕ್ಕೆಗಳಂತೆ ಅಂಟಿರುವ ಬಾರ್ನಕಲ್‌ಗಳು ಒಣಗಿದಾಗ ಬಾಗಿಲು ಹಾಕಿಕೊಂಡಿರುತ್ತವೆ. ಬಂಡೆಯ ಗುಂಡಿಯಲ್ಲಿ ನಿಂತ ನೀರಿನೊಳಗಿರುವವನ್ನು ನೋಡಿದರೆ, ಗರಿಯಂತಹ ಕಾಲುಗಳು ಹೊರಚಾಚಿ ನೀರನ್ನು ಬಾಚುತ್ತಿರುತ್ತವೆ. ಅವು ಚಿಪ್ಪಿನಂತೆ ಕಂಡರೂ ಏಡಿ, ಸಿಗಡಿಗಳ ನೆಂಟರು. ಬಂಡೆ ಜಾರುತ್ತದೆ, ಐದು ಮಕ್ಕಳಿಗೊಬ್ಬ ದೊಡ್ಡವರಿರಲಿ. ದಂಡೆಗೆ ಬಿದ್ದ ಲೋಳೆಮೀನು ಸತ್ತಿದ್ದರೂ ಚುಚ್ಚುತ್ತದೆ, ಮುಟ್ಟಕೂಡದು.

ನನ್ನನ್ನು ಕೇಳಿದರೆ, ಇಡೀ ಪ್ರವಾಸದಲ್ಲಿ ಅತ್ಯುತ್ತಮ ಪ್ರಯೋಗಶಾಲೆ ಮೀನುಪೇಟೆ. ಗೋಕರ್ಣದ ಹತ್ತಿರವೇ ತದಡಿ ಬಂದರಿದೆ. ಒಂದು ಬಂಗುಡೆ ಕೊಂಡು ಮಕ್ಕಳ ಕೈಗೆ ಕೊಡಿ. ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ. ಮೇಲಿಂದ ಹಕ್ಕಿಗೆ ನೀರಿನಂತೆಯೂ ಕೆಳಗಿಂದ ದೊಡ್ಡ ಮೀನಿಗೆ ಬೆಳಕಿನಂತೆಯೂ ಕಾಣುವ ಉಪಾಯ ಇದು ಎಂಬುದನ್ನು ನೀವು ಹೇಳುವ ಮೊದಲು ಅವರೇ ಊಹಿಸಲಿ. ಬಾಯಿ ಅಗಲಿಸಿದರೆ ಕಿವಿರಿನ ಒಳಬದಿಯಲ್ಲಿ ಉದ್ದನೆಯ ಬಾಚಣಿಗೆಯ ಹಲ್ಲುಗಳಂತಹ ಎಳೆಗಳು ಕಾಣುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ಜೀವಿಗಳನ್ನು ನೀರಿನಿಂದ ಸೋಸುವ ಜಾಲರಿ ಅದು. ಪಕ್ಕದಲ್ಲಿ ಒಂದು ನಂಗು ಮೀನು ಇಟ್ಟರೆ, ಎರಡೂ ಕಣ್ಣು ಒಂದೇ ಬದಿಗೆ ಏಕಿವೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಮೀನು ಮುಟ್ಟದ ಮನೆಗಳ ಮಕ್ಕಳಿದ್ದರೆ ಒತ್ತಾಯ ಬೇಡ, ಅವರು ನೋಡಿ ಬರೆದುಕೊಳ್ಳಲಿ.

ಹೊರಡುವ ಮುನ್ನ ತರಗತಿಯಲ್ಲಿ ಒಂದೇ ಪ್ರಯೋಗ ಸಾಕು. ಒಂದು ಲೀಟರ್ ನೀರಿಗೆ 35 ಗ್ರಾಂ, ಎಂದರೆ ಸುಮಾರು ಆರು ಟೀ ಚಮಚ ಉಪ್ಪು ಬೆರೆಸಿದರೆ ಕಡಲಿನಷ್ಟೇ ಉಪ್ಪಾಗುತ್ತದೆ. ಅದರಲ್ಲಿ ತಾಜಾ ಕೋಳಿಮೊಟ್ಟೆ ತೇಲುವುದೆಂದು ಎಲ್ಲರೂ ಪಂತ ಕಟ್ಟುತ್ತಾರೆ, ಆದರೆ ಅದು ಮುಳುಗುತ್ತದೆ. ತೇಲಿಸಲು ಸುಮಾರು ಮೂರು ಪಟ್ಟು ಉಪ್ಪು ಬೇಕು. ಹಿಂದಿರುಗುವಾಗ ಒಂದು ಬಾಟಲಿ ಕಡಲ ನೀರು ತಂದು, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ನಿಮ್ಮೂರ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ತೂಗಿಸಿ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿದ್ದರೆ ತಟ್ಟೆಯ ಅರ್ಥ ಬಿಡಿಸಿ ಹೇಳಬೇಕಾಗುವುದಿಲ್ಲ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಉಡುಪಿಗೆ ಹೋದಾಗಲೆಲ್ಲ ಚೀಲದ ತುಂಬ ಚಿಪ್ಪು ತರುತ್ತಾಳೆ. ಇದು ಸರಿಯೇ? — ಗೃಹಿಣಿ, ಬೆಂಗಳೂರು

ಉತ್ತರ: ಚೀಲದ ತುಂಬ ಬೇಡ, ಬೊಗಸೆ ಸಾಕು. ಖಾಲಿ ಶಂಖಗಳು ಸನ್ಯಾಸಿ ಏಡಿಗಳಿಗೆ ಮನೆಯಾಗುತ್ತವೆ. ಆದ್ದರಿಂದ ಶಂಖ ಎತ್ತಿದರೆ ಒಳಗೆ ಕಾಲುಗಳಿವೆಯೇ ಎಂದು ನೋಡಿ ಅಲ್ಲೇ ಇಡಲು ಕಲಿಸಿ. ಹವಳ, ಕಡಲಕುದುರೆ ಮತ್ತು ಕೆಲವು ಜಾತಿಯ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ, ಅವನ್ನು ಸತ್ತಿದ್ದರೂ ತರುವಂತಿಲ್ಲ. ಒಡೆದ ಚಿಪ್ಪಿನ ಚೂರನ್ನು ವಿನೆಗರ್‌ನಲ್ಲಿ ಹಾಕಿದರೆ ಗುಳ್ಳೆಗಳೇಳುತ್ತವೆ. ಕರಾವಳಿಯಲ್ಲಿ ಇದೇ ಚಿಪ್ಪನ್ನು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುತ್ತಿದ್ದರು. ಇನ್ನು ಅವಳ ಚಿಪ್ಪುಗಳಲ್ಲಿ ಕೆಲವಕ್ಕೆ ಮಾಲೆ ಪೋಣಿಸಲು ಯಾರೋ ಕೊರೆದಂತೆ ದುಂಡಗಿನ ತೂತು ಇರುತ್ತದೆ. ಅದು ಬೇಟೆಯ ಗುರುತು: ಕೆಲವು ಜಾತಿಯ ಕಡಲ ಬಸವನಹುಳುಗಳು ಹಾಗೆ ಕೊರೆದು ಒಳಗಿನ ಜೀವಿಯನ್ನು ತಿನ್ನುತ್ತವೆ. ಬೊಗಸೆಯಲ್ಲಿ ಅಂತಹವು ಎಷ್ಟಿವೆ, ತೂತು ಚಿಪ್ಪಿನ ಯಾವ ಭಾಗದಲ್ಲಿದೆ ಎಂದು ಅವಳೇ ಎಣಿಸಿ ಬರೆದಿಡಲಿ.